ನಂಗು ಮೀನಿನ ಎರಡೂ ಕಣ್ಣು ಒಂದೇ ಕಡೆ ಏಕೆ?

ಸಮುದ್ರಕ್ಕೆ ಇನ್ನೂ ಉಪ್ಪು ಹತ್ತುತ್ತಿದ್ದ ಕಾಲ. ಆಗ ನಂಗು ಮೀನೂ ಉಳಿದ ಮೀನುಗಳ ಹಾಗೆ ನೆಟ್ಟಗೆ ಈಜುತ್ತಿತ್ತು. ಎಡಕ್ಕೊಂದು ಕಣ್ಣು, ಬಲಕ್ಕೊಂದು ಕಣ್ಣು.

ಆಗಿನ ವರ್ತಕರು ಸಂಘ ಕಟ್ಟಿಕೊಂಡಿದ್ದರು. ಪ್ರತಿ ಸಂಘಕ್ಕೂ ಒಂದು ತಾಮ್ರದ ಬಿಲ್ಲೆ. ಬಿಲ್ಲೆಯ ಮೇಲೊಂದು ಪ್ರಾಣಿ. ಗಾಡಿಯವರದು ಗೂಳಿ, ದೋಣಿಯವರದು ನಂಗು. ಬಿಲ್ಲೆಯಲ್ಲಿರುವ ಪ್ರಾಣಿ ಬಿಲ್ಲೆ ಕಟ್ಟಿಕೊಂಡವರನ್ನು ಕಾಯಬೇಕು. ಅದು ಕಟ್ಟಳೆ.

ಕಂಚುಗಾರ ಬಾಚೋಜ ದಡದಲ್ಲಿ ಕೂತು ದೋಣಿಯವರ ಬಿಲ್ಲೆ ಕೆತ್ತುತ್ತಿದ್ದ. ನಂಗು ನೀರಿನಿಂದ ತಲೆ ಎತ್ತಿತು.

"ಬಾಚೋಜಣ್ಣ, ಬಿಲ್ಲೆಯಲ್ಲಿ ನನ್ನ ಇನ್ನೊಂದು ಕಣ್ಣೆಲ್ಲಿ?"

"ಪಕ್ಕದಿಂದ ನೋಡಿದರೆ ಮೀನಿಗೆ ಒಂದೇ ಕಣ್ಣು ಕಾಣೋದು ಮಾರಾಯ."

"ಹಿಂದುಗಡೆ ಕೆತ್ತು."

"ಹಿಂದೆ ಸಂಘದ ತಕ್ಕಡಿ ಇದೆ. ಹೋಗು, ಕಾವಲು ನೋಡು."

ಆ ಬಿಲ್ಲೆಯನ್ನು ಕೊರಳಿಗೆ ಕಟ್ಟಿಕೊಂಡು ದೋಣಿ ಸಂಘದ ಕೇತವ್ವೆ ಮೊದಲ ಸಲ ಮೆಣಸಿನ ದೋಣಿ ಬಿಟ್ಟಳು. ನಂಗು ಪಕ್ಕದಲ್ಲೇ ಈಜಿತು. ಹೊಳೆ ಕಡಲು ಸೇರುವ ಅಳಿವೆಯಲ್ಲಿ ಸುಳಿ ಕಾದಿತ್ತು.

ನಂಗು ದೋಣಿಯ ಎಡಕ್ಕಿದ್ದರೆ ಸುಳಿ ಬಲಕ್ಕೆ ಬಂತು. ನಂಗು ಬಲಕ್ಕೆ ಹೋದರೆ ಸುಳಿ ಎಡಕ್ಕೆ ಬಂತು. ಒಂದು ಹುಟ್ಟು ಮುರಿಯಿತು.

ಸುಳಿ ನಕ್ಕಿತು. "ಬಿಲ್ಲೆ ಸುಳ್ಳು ಹೇಳಿಲ್ಲ ಕಣೋ! ದೋಣಿ ಕಾಯೋಕೆ ನಿನಗಿರೋದು ಒಂದೇ ಕಣ್ಣು. ಇನ್ನೊಂದು ಆಚೆ ನೋಡ್ತಾ ಇರುತ್ತೆ."

"ನಂಗೂ, ಎಲ್ಲಿದೆ ಅದು? ನನಗೇನೂ ಕಾಣ್ತಿಲ್ಲ!" ಕೇತವ್ವೆ ಕೂಗಿದಳು. ದೋಣಿಯೊಳಗೆ ನೀರು ಬರುತ್ತಿತ್ತು.

ನಂಗು ತಳಕ್ಕೆ ಇಳಿಯಿತು. ಮರಳಿನ ಮೇಲೆ ಬಲಮಗ್ಗುಲಾಗಿ ಮಲಗಿತು. ಎಡಗಣ್ಣಿಗೆ ದೋಣಿಯ ಅಡಿ ಪೂರ್ತಿ ಕಂಡಿತು. ಆದರೆ ದೋಣಿ ನೋಡಿದರೆ ಸುಳಿ ತಪ್ಪುತ್ತಿತ್ತು. ಸುಳಿ ನೋಡಿದರೆ ದೋಣಿ ತಪ್ಪುತ್ತಿತ್ತು. ಬಲಗಣ್ಣು ಮರಳಿನಲ್ಲಿ ಹೂತಿತ್ತು.

ಮೇಲೆ ಹಲಗೆ ಬಿರಿಯಿತು.

"ಬಲಗಣ್ಣೇ, ಈಚೆ ಬಾ" ಎಂದಿತು ನಂಗು.

ಕಣ್ಣು ಕದಲಿತು. ತಲೆಯ ಮೂಳೆ ಬಾಗಿತು. ಬಾಯಿ ಸೊಟ್ಟಗಾಯಿತು. ಕಣ್ಣು ತಲೆ ಹತ್ತಿ, ತಲೆ ದಾಟಿ, ಎಡಗಣ್ಣಿನ ಪಕ್ಕ ಬಂದು ನಿಂತಿತು.

ಈಗ ಒಂದು ಕಣ್ಣು ದೋಣಿಯ ಮೇಲೆ, ಒಂದು ಕಣ್ಣು ಸುಳಿಯ ಮೇಲೆ.

"ಕೇತವ್ವಾ, ಎಡಕ್ಕೆ! ಇನ್ನೂ ಎಡಕ್ಕೆ! ಈಗ ಬಲಕ್ಕೆ, ಜೋರಾಗಿ!"

ಕೇತವ್ವೆ ಉಳಿದ ಹುಟ್ಟನ್ನು ಒತ್ತಿದಳು. ಸುಳಿ ಬಾಯಿ ಹಾಕಿತು. ಬಾಯಿಗೆ ಬರೀ ನೀರು ಸಿಕ್ಕಿತು. ದೋಣಿ ಕಡಲಿಗೆ ದಾಟಿತು.

ನಂಗು ಏಳಲಿಲ್ಲ. ಹಿಂದೆ ಇನ್ನೊಂದು ದೋಣಿ ಬರುತ್ತಿತ್ತು.

ಈಗಲೂ ನಂಗಿನ ಮರಿ ಹುಟ್ಟುವಾಗ ಎರಡು ಬದಿಗೂ ಒಂದೊಂದು ಕಣ್ಣಿರುತ್ತದೆ. ಬೆಳೆಯುತ್ತಾ ಬಲಗಣ್ಣು ಮೆಲ್ಲಗೆ ತಲೆ ದಾಟಿ ಎಡಕ್ಕೆ ಬರುತ್ತದೆ. ಅದಕ್ಕೇ, ಮೀನಿನ ಬುಟ್ಟಿಯಲ್ಲಿ ನಂಗನ್ನು ಕಂಡರೆ ಗಮನಿಸಿ ನೋಡು: ಮಗ್ಗುಲಾಗಿ ಮಲಗಿದ ಮೈ, ಸೊಟ್ಟ ಬಾಯಿ, ಮೇಲಕ್ಕೇ ನೋಡುವ ಎರಡು ಕಣ್ಣು.