ತಾತನವರು ಬಾತುಕೋಳಿ ಸಾಕಿದ್ದು

ತೂಬಿನಾಳದ ಶ್ರೀ ಅಡಿವೆಯ್ಯ ತಾತನವರ ಮಠವೆಂದರೆ ಕಲ್ಲುಕಟ್ಟಡವೇನಲ್ಲ. ಕಾಲುವೆಯ ಏರಿಗೆ ಬೆನ್ನು ಕೊಟ್ಟ ಒಂದು ಮಣ್ಣಿನ ಮನೆ, ಮುಂದೊಂದು ಬೇವಿನಮರ, ಹಿಂದೆ ಮುಳ್ಳುಬೇಲಿಯ ಪುಟ್ಟ ಹಿತ್ತಲು, ಅಷ್ಟೇ. ಪೂಜ್ಯರು ಗದ್ದುಗೆಯ ಮೇಲೆ ಕೂತವರಲ್ಲ. ಭಕ್ತರು ಬಂದು ಅಡ್ಡಬೀಳುವಾಗಲೂ ಅವರ ಕೈಯಲ್ಲಿ ಪೊರಕೆಯೋ ಕುಡುಗೋಲೋ ಇರುತ್ತಿತ್ತು. ಮಹಾತ್ಮರ ಮಹಿಮೆಯೆಂದರೆ ಸತ್ತವರು ಎದ್ದು ಕೂತದ್ದು, ಎಣ್ಣೆಯಿಲ್ಲದೆ ದೀಪ ಉರಿದದ್ದು ಎಂದು ಕಾದು ಕೂತವರಿಗೆ ಈ ಪ್ರಸಂಗ ಸಪ್ಪೆ ಎನಿಸೀತು. ಇದರಲ್ಲಿ ಸತ್ತದ್ದು ಸತ್ತೇ ಹೋಯಿತು. ಆದರೂ ತಾತನವರನ್ನು ಕಣ್ಣಾರೆ ಕಂಡ ಹಿರಿಯರು ಬೇರೆಲ್ಲ ಪವಾಡ ಬಿಟ್ಟು ಇದನ್ನೇ ಮೊದಲು ಹೇಳುತ್ತಿದ್ದರು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಆಂಧ್ರದ ಕಡೆಯಿಂದ ಬಾತುಕೋಳಿ ಕಾಯುವವರು ಬಂದಿದ್ದರು. ಕೊಯ್ದ ಗದ್ದೆಗಳಲ್ಲಿ ಉದುರಿದ ಭತ್ತ, ಹುಳುಹುಪ್ಪಟೆ ಮೇಯಿಸಿಕೊಂಡು ಊರಿಂದೂರಿಗೆ ನಡೆಯುವ ಜನ. ಅವರಲ್ಲೊಬ್ಬ ಮುದುಕ ಚಳಿಜ್ವರ ಹತ್ತಿ ಮಠದ ಕಟ್ಟೆಯ ಮೇಲೆ ಮಲಗಿಬಿಟ್ಟ. ತಾತನವರು ತಾವೇ ಗಂಜಿ ಕುಡಿಸಿ, ಕಾಲೊತ್ತಿ ಅವನನ್ನು ಎಬ್ಬಿಸಿದರು. ಹೊರಡುವಾಗ ಅವನು ಒಂದು ಬುಟ್ಟಿಯನ್ನು ಅವರ ಪಾದದ ಬಳಿ ಇಟ್ಟು ಕೈಮುಗಿದ. ಬುಟ್ಟಿಯ ತುಂಬ ಬಾತುಕೋಳಿ ಮೊಟ್ಟೆ! ಮಠದ ಅಡುಗೆ ನೋಡುತ್ತಿದ್ದ ಪಂಪಣ್ಣ ಹೌಹಾರಿದ.

"ಶಿವಶಿವಾ! ಮಠದಾಗ ತತ್ತಿ ತಂದಿಟ್ಟಾನಲ್ರಿ ತಾತಾ! ಮಂದಿ ನೋಡಿದ್ರ ಏನಂದಾರು?"

"ತಿನ್ನಾಕ ಬರದ ಕಾಣಿಕೀನ ಸಾಕಬೇಕಪ್ಪ, ಎಸಿಬಾರದು" ಎಂದರು ತಾತನವರು.

ಹೀಗೆ ಮಠದ ಹಿತ್ತಲಲ್ಲಿ ಬಾತುಕೋಳಿ ಸಾಕುವ ಕೆಲಸ ಸುರುವಾಯಿತು. ಆದರೆ ಬರಿ ಮೊಟ್ಟೆಯಿಂದ ಏನಾದೀತು? ಕಾವು ಕೊಡಲು ತಾಯಿ ಬೇಡವೇ? ಬಾತುಕೋಳಿಗಳು ಹೊರಟೇ ಹೋಗಿದ್ದವು. ಇದ್ದರೂ ಅಷ್ಟೇ, ಆ ಜಾತಿಯವು ಮೊಟ್ಟೆಯಿಟ್ಟು ಮರೆತು ಮುಂದೆ ಹೋಗುವಂಥವು. ಕೋಳಿಯ ಕೆಳಗೆ ಇಟ್ಟು ಮರಿ ಮಾಡಿಸುವುದೇ ರೂಢಿ. ಊರಲ್ಲಿ ಆಗ ಕಾವಿಗೆ ಬಂದ ಹೇಂಟೆ ಇದ್ದದ್ದು ಹುಲಿಗೆವ್ವನ ಮನೆಯಲ್ಲಿ ಮಾತ್ರ.

ಹುಲಿಗೆವ್ವ ಊರಿನ ಸೂಲಗಿತ್ತಿ. ಸೂಲಗಿತ್ತಿಯಾಗಿದ್ದವಳು ಎನ್ನಬೇಕು. ತೂಬಿನಾಳದ ಅರ್ಧ ಊರು ಭೂಮಿಗೆ ಬಿದ್ದದ್ದು ಅವಳ ಕೈಯಲ್ಲೇ. ಹಿಂದಿನ ವರ್ಷ ಯಮನೂರಪ್ಪನ ಹೆಂಡತಿ ಈರವ್ವನ ಚೊಚ್ಚಲ ಹೆರಿಗೆಯಲ್ಲಿ ಕೂಸು ಅಡ್ಡ ತಿರುಗಿತು. ಬಂಡಿ ಕಟ್ಟಿಸಿ ದೊಡ್ಡಾಸ್ಪತ್ರೆಗೆ ಒಯ್ಯೋಣವೆಂದು ಅತ್ತೆ ಅಂದಳು. ಇಂಥವು ಎಷ್ಟು ನೋಡಿಲ್ಲ ಎಂಬ ಧೈರ್ಯದಲ್ಲಿ ಹುಲಿಗೆವ್ವ ಇನ್ನೊಂದಿಷ್ಟು ತಡೆಯಿರಿ ಎಂದಳು. ತಡೆದರು. ತಾಯಿ ಉಳಿದಳು, ಕೂಸು ಉಳಿಯಲಿಲ್ಲ. ಅವತ್ತಿನಿಂದ ಅವಳು ಯಾರ ಹೆರಿಗೆಗೂ ಹೋಗಲಿಲ್ಲ. ಯಾರೂ ಅವಳನ್ನು ಬೈಯಲಿಲ್ಲ. "ಹಣೆಬರಹ ಬಿಡವ್ವ, ಶಿವ ಕರಕೊಂಡ" ಎಂದರು. ಅದನ್ನು ಕೇಳೀ ಕೇಳೀ ಅವಳಿಗೆ ಶಿವನ ಹೆಸರೆಂದರೆ ಬೇಸರ ಬಂದುಬಿಟ್ಟಿತ್ತು. ಉಂಡರೂ ಸೈ, ಬಿಟ್ಟರೂ ಸೈ ಎಂಬಂತೆ ದಿನ ನೂಕುತ್ತಿದ್ದಳು.

ಮಠಕ್ಕೆ ಬಂದದ್ದೂ ಭಕ್ತಿಯಿಂದಲ್ಲ. ತಾತನವರೇ ಬಾಗಿಲಿಗೆ ಬಂದು ಕೋಳಿ ಕೇಳಿದಾಗ ಇಲ್ಲವೆನ್ನಲು ಬಾಯಿ ಬರಲಿಲ್ಲ. ಆ ಹೇಂಟೆಯೋ, ಪರರ ಕೈ ತಾಗಿದರೆ ಕುಕ್ಕುವ ಜಾತಿ. ಹಾಗಾಗಿ ದಿನಕ್ಕೊಮ್ಮೆ ಅದನ್ನು ಎಬ್ಬಿಸಿ ಕಾಳು ನೀರು ತೋರಿಸಿ ಕೂಡಿಸಲು ಅವಳೇ ಬರಬೇಕಾಯಿತು. ಬರುವಳು, ಮೂಲೆಯಲ್ಲಿ ಗೋಡೆಗೊರಗಿ ಕೂರುವಳು, ಹೋಗುವಳು. ತಾತನವರು ಏನೂ ಕೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಇವರೂ ಒಂದಿನ ಹಣೆಬರಹದ ಮಾತು ತೆಗೆದೇ ತೆಗೆಯುತ್ತಾರೆ ಎಂದು ಅವಳು ಒಳಗೊಳಗೇ ಕಾಯುತ್ತಿದ್ದಳು.

ಕೋಳಿಮರಿಗೆ ಮೂರು ವಾರ ಸಾಕು. ಮೂರು ವಾರ ಕಳೆದರೂ ಮೊಟ್ಟೆ ಒಡೆಯದಿದ್ದಾಗ ಹುಲಿಗೆವ್ವ, "ಒಳಗ ಸತ್ತಾವ ತಾತಾ, ಎಲ್ಲಾ ಎತ್ತಿ ಬಿಸಾಕ್ರಿ" ಎಂದಳು. ಬುಟ್ಟಿ ಕೊಟ್ಟ ಮುದುಕ ತಿಂಗಳ ಲೆಕ್ಕ ಹೇಳಿದ್ದನೆಂದು ತಾತನವರು ತಡೆದರು. ನಾಲ್ಕನೆಯ ವಾರ ಮುಗಿಯುವ ಹೊತ್ತಿಗೆ ಚಿಪ್ಪು ಬಿರಿದವು. ಅರಿಸಿನದುಂಡೆಯಂಥ ಮರಿಗಳು! ಹೇಂಟೆ ತನ್ನ ಮಕ್ಕಳ ಚಪ್ಪಟೆ ಕೊಕ್ಕು ನೋಡಿ ಕತ್ತು ಓರೆ ಮಾಡಿ ನಿಂತಿತು, ಆಮೇಲೆ ಹೋಗಲಿ ಎಂಬಂತೆ ರೆಕ್ಕೆಯಡಿ ಕರೆದುಕೊಂಡಿತು. ಪಂಪಣ್ಣನೂ ನಕ್ಕ. ಹುಲಿಗೆವ್ವ ಮಾತ್ರ ನಗಲಿಲ್ಲ.

ಅದರ ಹಿಂದಿನ ದಿನವಷ್ಟೇ ಯಮನೂರಪ್ಪ ಅವಳ ಮನೆಗೆ ಬಂದು ಹೋಗಿದ್ದ. ಈರವ್ವನಿಗೆ ಮತ್ತೆ ದಿನ ತುಂಬಿತ್ತು. "ನೀನ ಬರಬೇಕಂತ ಹಟ ಹಿಡದಾಳ" ಎಂದಿದ್ದ. "ಆಸ್ಪತ್ರಿಗೆ ಕರಕೊಂಡು ಹೋಗಪ್ಪ, ನನ್ನ ಕೈಗುಣ ಕೆಟ್ಟೈತಿ" ಎಂದು ಹುಲಿಗೆವ್ವ ಕದ ಹಾಕಿಕೊಂಡಿದ್ದಳು.

ಮರಿಗಳು ಕುಡಿಯುವ ನೀರಿನ ಬೋಗುಣಿಗೇ ಇಳಿದು ಒದ್ದಾಡುವುದನ್ನು ಕಂಡು ತಾತನವರ ಜೀವ ಕರಗಿತು. ಒಂದು ಮುಂಜಾನೆ ಎಲ್ಲವನ್ನೂ ಬುಟ್ಟಿಯಲ್ಲಿ ತುಂಬಿಕೊಂಡು ಕಾಲುವೆಗೆ ಹೊರಟರು.

"ಇನ್ನೂ ಹಸಗೂಸು ತಾತಾ" ಎಂದಳು ಹುಲಿಗೆವ್ವ.

"ಮೀನಿನ ಮರಿಗೆ ಯಾರ ಈಜು ಕಲಿಸ್ಯಾರವ್ವ?" ಎಂದು ನಗುತ್ತ ನೀರಿಗೆ ಬಿಟ್ಟರು.

ಏನು ಚಂದ ತೇಲಿದವು! ನೀರಿಗೆ ಬಂದಿದ್ದ ಹೆಂಗಸರು ಕೊಡ ಕೆಳಗಿಟ್ಟು ನಿಂತು ನೋಡಿದರು. ಏರಿಯ ಮೇಲೆ ಹೇಂಟೆ ಹುಚ್ಚು ಹಿಡಿದಂತೆ ಅತ್ತಿತ್ತ ಓಡಾಡಿ ಕೂಗುತ್ತಿತ್ತು. ನೋಡನೋಡುತ್ತ ಒಂದು ಮರಿಯ ಬೆನ್ನು ತೊಯ್ದು ಕಪ್ಪಾಯಿತು, ಕತ್ತು ವಾಲಿತು. ಹಿಂದೆಯೇ ಇನ್ನೊಂದು. ಬಾತುಮರಿಯ ಮೈಗೆ ಹೆತ್ತ ತಾಯಿಯ ರೆಕ್ಕೆಯ ಜಿಡ್ಡು ಹತ್ತಬೇಕಂತೆ, ಆಗಲೇ ನೀರು ಒಳಗಿಳಿಯುವುದಿಲ್ಲ. ಕೋಳಿಯ ಕೆಳಗೆ ಹುಟ್ಟಿದವಕ್ಕೆ ಅದೆಲ್ಲಿ ಬರಬೇಕು? ಗರಿ ಮೂಡುವ ತನಕ ನೀರಿಗೆ ಬಿಡುವಂತಿಲ್ಲ. ಇದು ಮುಂದೆ ಬಾತು ಕಾಯುವವರಿಂದ ತಿಳಿದ ಮಾತು, ಅವತ್ತು ಯಾರಿಗೂ ಗೊತ್ತಿರಲಿಲ್ಲ. ಪೂಜ್ಯರು ಉಟ್ಟ ಬಟ್ಟೆಯಲ್ಲೇ ಎದೆಮಟ್ಟ ನೀರಿಗಿಳಿದು ಬಾಚಿ ಬಾಚಿ ತಂದರು. ಒಲೆಯ ಮುಂದೆ ಹುಲಿಗೆವ್ವ ಒಂದೊಂದನ್ನೇ ಒರೆಸಿ, ಸೆರಗಿನಲ್ಲಿ ಸುತ್ತಿ, ಎದೆಗಿಟ್ಟುಕೊಂಡಳು. ಅರ್ಧ ಉಳಿದವು, ಅರ್ಧ ಅವಳ ಮಡಿಲಲ್ಲೇ ತಣ್ಣಗಾದವು.

ಪಂಪಣ್ಣನಿಗೆ ತಾತನವರ ಮುಖ ನೋಡಲಾಗಲಿಲ್ಲ. "ಶಿವನ ಚಿತ್ತ ತಾತಾ. ನಿಮ್ಮದೇನು ತಪ್ಪೈತಿ?" ಎಂದ.

"ಶಿವನ ಮ್ಯಾಲೆ ಯಾಕ ಹಾಕ್ತೀಯೋ? ನೀರಿಗೆ ಬಿಟ್ಟಾಂವ ನಾನು. ತಪ್ಪು ನಂದು" ಎಂದರು ತಾತನವರು.

ಹುಲಿಗೆವ್ವ ತಲೆಯೆತ್ತಿದಳು. ಒಂದು ವರ್ಷದಿಂದ ಯಾರ ಬಾಯಲ್ಲೂ ಕೇಳದ ಮಾತು ಅದು. ಪೂಜ್ಯರು ತಾವೇ ಬೇವಿನ ಬುಡದಲ್ಲಿ ಗುಂಡಿ ತೋಡಿ ಮರಿಗಳನ್ನು ಮಣ್ಣು ಮಾಡಿದರು. ಪ್ರಸಾದ ಮುಟ್ಟಲಿಲ್ಲ. ಒದ್ದೆ ಬಟ್ಟೆಯಲ್ಲೇ ಕಟ್ಟೆಯ ಮೇಲೆ ಕೂತು ಸಣ್ಣ ಮಕ್ಕಳ ಹಾಗೆ ಅತ್ತರು. ದರ್ಶನಕ್ಕೆ ಬಂದವರು ಏನು ಮಾಡಬೇಕೋ ತೋಚದೆ ಹಿಂದಕ್ಕೆ ಹೋದರು.

ಹೊತ್ತು ಇಳಿಯುವಾಗ ಹಿತ್ತಲಲ್ಲಿ ಉಳಿದ ಮರಿಗಳ ಚೀಂಗುಟ್ಟುವಿಕೆ ಜೋರಾಯಿತು. ತಾತನವರು ಮೊಣಕಾಲು ಹಿಡಿದು ಎದ್ದರು. ನೆನೆಸಿದ ನುಚ್ಚಿಗೆ ಸೊಪ್ಪು ಹೆಚ್ಚಿ ಕಲೆಸಿ, ಮರಿಗಳ ಮುಂದೆ ಕುಕ್ಕರುಗಾಲಲ್ಲಿ ಕೂತು ಅಂಗೈ ಚಾಚಿದರು. ಮರಿಗಳು ನುಗ್ಗಿ ಬಂದು ಉಂಡವು.

ಅಷ್ಟರಲ್ಲಿ ಯಮನೂರಪ್ಪ ಏದುಸಿರು ಬಿಡುತ್ತ ಬೇಲಿಯ ಬಳಿ ಬಂದ. "ಯವ್ವಾ, ನೋವು ಸುರು ಆಗ್ಯಾವ. ಆಸ್ಪತ್ರಿಗೆ ಬಂಡಿ ಕಟ್ಟೀನಿ, ಹತ್ತವಲ್ಲಳು. ಹುಲಿಗೆವ್ವ ಜೋಡಿ ಬಂದ್ರ ಹತ್ತತೀನಿ, ಇಲ್ಲಂದ್ರ ಇಲ್ಲ ಅಂತಾಳ. ನಿನ್ನ ಕಾಲಿಗೆ ಬೀಳತೀನಿ ಬಾ!"

ಗೋಡೆಗೊರಗಿ ಕೂತಿದ್ದ ಹುಲಿಗೆವ್ವ ಎದ್ದು ನಿಂತಳು. ಎದುರಿಗೆ ತಾತನವರ ಚಾಚಿದ ಕೈ, ಅದರಲ್ಲಿ ಉಣ್ಣುತ್ತಿರುವ ಮರಿಗಳು. ಅವಳಿಗೆ ತಟ್ಟನೆ ಸಿಟ್ಟು ಬಂತು.

"ಮುಂಜಾನೆ ನೀರಿಗೆ ಬಿಟ್ಟಿದ್ದೂ ಅದ ಕೈ ಅಲ್ಲೇನು ತಾತಾ? ಅದ ಕೈಲೆ ಈಗ ಹ್ಯಾಂಗ ಉಣಸ್ತೀರಿ? ಮನಸ್ಸರ ಹ್ಯಾಂಗ ಬರತೈತಿ ನಿಮಗ?"

ಪಂಪಣ್ಣ ನಾಲಿಗೆ ಕಚ್ಚಿಕೊಂಡ. ತಾತನವರು ಕೈ ಹಿಂತೆಗೆಯಲಿಲ್ಲ. ಅತ್ತು ಕೆಂಪಾದ ಕಣ್ಣೆತ್ತಿ ಅವಳನ್ನು ನೋಡಿದರು.

"ಬ್ಯಾರೆ ಕೈ ಇಲ್ಲವಲ್ಲ ಯವ್ವಾ. ಇವಕ್ಕ ಹಸಿವಾಗೈತಿ."

ಅಷ್ಟೇ. ಮತ್ತೆ ಮರಿಗಳ ಕಡೆ ತಿರುಗಿದರು. ಹುಲಿಗೆವ್ವ ಗೋಡೆ ಹಿಡಿದು ನಿಂತೇ ಇದ್ದಳು. ಈರವ್ವನ ಕೂಸು ಹೋದ ದಿನ ಅತ್ತದ್ದೇ ಕಡೆ, ವರ್ಷವಿಡೀ ಬಾರದಿದ್ದ ಅಳು ಆಗ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಅಳುತ್ತಲೇ ತಾತನವರ ಪಾದ ಮುಟ್ಟಿ, ಯಮನೂರಪ್ಪನ ಕಡೆ ತಿರುಗಿ, "ಬಂಡ್ಯಾಗ ಹುಲ್ಲು ದಪ್ಪ ಹಾಸು. ಈ ಸಲ ತಡಿಯೋದು ಬ್ಯಾಡ. ನಡಿ" ಎಂದಳು.

ಈರವ್ವ ಹೊಸ್ತಿಲಲ್ಲಿ ಬೆವರುತ್ತ ಕೂತಿದ್ದಳು. ಹುಲಿಗೆವ್ವ ದೂರದಲ್ಲೇ ನಿಂತು, "ನನ್ನ ಮ್ಯಾಲೆ ಸಿಟ್ಟಿಲ್ಲೇನ ಮಗಳ?" ಎಂದಳು.

"ಐತಿ. ಬೈಯೂದೈತಿ, ಆಮ್ಯಾಲೆ ಬೈತೀನಿ. ನನ್ನ ಕೂಸಿಗೆ ನನ್ನ ಜೋಡಿ ಅತ್ತಾಕಿ ನೀ ಒಬ್ಬಾಕಿನ. ಈಗ ಬಾ, ಸೊಂಟ ಹಿಡಿ."

ಆಸ್ಪತ್ರೆ ಇನ್ನೂ ದೂರವಿರುವಾಗಲೇ ಬಂಡಿಯಲ್ಲಿ ಹೆಣ್ಣುಮಗು ಹುಟ್ಟಿತು. ಊರೆಲ್ಲ ಕೇಳುವಂತೆ ಅತ್ತಿತಂತೆ.

ಹುಲಿಗೆವ್ವ ಆಮೇಲೆ ಬಹಳ ವರ್ಷ ಬಾಳಿದಳು. ಅವಳ ಕೈಯಲ್ಲಿ ಮುಂದೆ ಎಲ್ಲ ಕೂಸುಗಳೂ ಉಳಿದವೆಂದು ಬರೆದರೆ ಸುಳ್ಳಾದೀತು. ಕೆಲವು ಉಳಿಯಲಿಲ್ಲ. ಅಂಥ ದಿನ ಅವಳು ಆ ಮನೆಯವರ ಎದುರು ನಿಂತು, ತಪ್ಪಿದ್ದರೆ ತಪ್ಪು ನಂದು ಎನ್ನುತ್ತಿದ್ದಳು. ಮನೆಗೆ ಬಂದು ಉಣ್ಣದೆ ಅಳುತ್ತಿದ್ದಳು. ಮರುದಿನ ಇನ್ನೊಂದು ಮನೆಯಿಂದ ಕರೆ ಬಂದರೆ ಕಣ್ಣೊರೆಸಿಕೊಂಡು, ಸೆರಗು ಸಿಗಿಸಿ, ಹೊರಡುತ್ತಿದ್ದಳು.