ಎಲುಬಿಗೊಂದು ಹೊರೆ

ಒಂದೂರಿತ್ತಂತೆ. ಊರಿಗೊಬ್ಬ ರಾಜ, ರಾಜನಿಗೊಂದು ಡಂಗುರ. ಆ ಊರಿನ ಅಂಚಿಗೆ ತಿಪ್ಪವ್ವ ಎಂಬ ಮುದುಕಿ. ಹಿಂದಿಲ್ಲ, ಮುಂದಿಲ್ಲ. ಇದ್ದದ್ದು ಒಂದೇ ಎತ್ತು, ಅದರ ಹೆಸರು ಕೆಂದ. ಪಕ್ಕದ ಮನೆಯ ಗುರಸಿದ್ದನಿಗೂ ಒಂದೇ ಎತ್ತು. ಇವಳದೊಂದು ಅವನದೊಂದು ಜೋಡಿ ಮಾಡಿ ಇಬ್ಬರ ಹೊಲವನ್ನೂ ಉಳುತ್ತಿದ್ದರಂತೆ.

ಒಂದು ವರ್ಷ ಮಿಡತೆಯ ಹಿಂಡು ಬಂತು. ಕಾಳು ಆಗಲೇ ಮನೆ ಸೇರಿತ್ತು, ಮನುಷ್ಯರು ಬದುಕಿಕೊಂಡರು. ಆದರೆ ಹೊಲದಲ್ಲಿ ದನಕ್ಕೆ ಹಾಕುವ ಜೋಳದ ಕಣಿಕೆ ಉಳಿಯಲಿಲ್ಲ, ಬದುವಿನಲ್ಲಿ ಹುಲ್ಲು ಉಳಿಯಲಿಲ್ಲ. ದನಗಳು ಬರಿಯ ಗೋದಲಿ ನೆಕ್ಕುತ್ತ ನಿಂತವಂತೆ.

ರಾಜ ಕೆಟ್ಟವನೇನಲ್ಲ. ಅರಮನೆಯ ಬಣವೆಗಳನ್ನೆಲ್ಲ ಬಿಚ್ಚಿಸಿ ಡಂಗುರ ಹೊಡೆಸಿದ: "ವಾರಕ್ಕೊಮ್ಮೆ ದನ ಹೊಡ್ಕೊಂಡು ಅಗಸಿಗೆ ಬರ್ರಿ! ಎಷ್ಟು ಪಕ್ಕೆಲುಬು ಕಾಣತಾವೋ ಅಷ್ಟು ಹೊರೆ ಮೇವು!" ಹೆಚ್ಚು ಸೊರಗಿದ್ದಕ್ಕೆ ಹೆಚ್ಚು ಸಿಗಲಿ ಎಂದು ಅವನ ಲೆಕ್ಕಾಚಾರ. ಕೇಳುವುದಕ್ಕೆ ಚೆಂದವೇ ಇತ್ತು ಬಿಡಿ.

ದೊರೆಯ ಅಗಸೆ ಬಾಗಿಲಿಗೆ ದನ ಒಯ್ಯುವಾಗ ಮೈ ತೊಳೆದು, ಕೋಡಿಗೆ ಎಣ್ಣೆ ಸವರುವುದು ಆ ಊರ ವಾಡಿಕೆ. ತಿಪ್ಪವ್ವ ಹಾಗೇ ಮಾಡಿ ಕೆಂದನನ್ನು ಒಯ್ದಳು. ಮೇವು ಹಂಚುವ ಪಾರುಪತ್ತೇಗಾರ ಕೈಯಾಡಿಸಿ ನೋಡಿದ, ಒಂದು ಎಲುಬೂ ಕಾಣಲಿಲ್ಲ.

"ನಿನ್ನ ಎತ್ತು ಮದಲಿಂಗನ ಹಾಂಗ ಐತಲ್ಲಬೇ! ಇದಕ್ಯಾಕ ಮೇವು?"

ಆ ಮೈ ಹೇಗೆ ಬಂತೆಂದು ಅವನಿಗೇನು ಗೊತ್ತು? ಮುದುಕಿ ಗುಡಿಸಲ ಸೂರಿನ ಹುಲ್ಲು ಹಿರಿದು ಹಿರಿದು ತಿನ್ನಿಸಿದ್ದಳು. ಅರ್ಧ ರೊಟ್ಟಿ ತಾನು ತಿಂದು ಅರ್ಧ ಅದರ ಬಾಯಿಗಿಟ್ಟಿದ್ದಳು.

ಗುರಸಿದ್ದನಿಗೆ ಏಳು ಹೊರೆ ಸಿಕ್ಕಿತ್ತು. ಅವನು ಒಂದು ಹೊರೆ ಇವಳಿಗೆ ಕೊಟ್ಟು ಮೆಲ್ಲಗೆ ಹೇಳಿದ: "ದೊಡ್ಡವ್ವಾ, ನಾಕು ದಿನ ಏನೂ ಹಾಕಬ್ಯಾಡ. ಎಲುಬು ತಾವ ಎದ್ದು ಬರತಾವ. ನಾನೂ ಅದನ್ನ ಮಾಡೀನಿ."

"ನನ್ನ ಮಾರಿ ನೋಡಕೋಂತ ನಿಂದರತೈತೋ ಸಿದ್ದಾ. ಹ್ಯಾಂಗ ಕೈ ಕಟಗೊಂಡು ಕುಂಡರಲಿ?"

ಎರಡನೆಯ ವಾರವೂ ಹೋದಳು, ಬರಿಗೈಲಿ ಬಂದಳು. ಅಷ್ಟರಲ್ಲಿ ಸೂರು ಮುಗಿಯಿತು, ಜೋಳವೂ ತಳ ಕಂಡಿತು. ಮೂರನೆಯ ವಾರ ಕೆಂದ ಮಲಗಿದ್ದು ಏಳಲೇ ಇಲ್ಲ. ಮುದುಕಿ ಒಬ್ಬಳೇ ಅಗಸೆಗೆ ಓಡಿದಳು.

"ಎಪ್ಪಾ, ಈಗ ಹನ್ನೊಂದು ಕಾಣತಾವ. ಬಂದು ಎಣಸರಿ!"

"ದನ ಎಲ್ಲೈತಿ?"

"ಏಳವಲ್ದು."

"ಅಗಸಿಗೆ ಬಾರದ ದನಕ್ಕ ಮೇವಿಲ್ಲಬೇ. ದೊರಿ ಮಾತು."

ಆ ದೊರೆಯೇ ಅಂದು ಅಗಸೆಯ ಮೇಲಿದ್ದ. ಈ ಮಾತು ಕೇಳಿ ಇಳಿದು ಬಂದ. ತಾನೇ ಒಂದು ಹೊರೆ ಹೆಗಲಿಗೇರಿಸಿಕೊಂಡು ಮುದುಕಿಯ ಹಿಂದೆ ನಡೆದನಂತೆ. ಸೂರಿಲ್ಲದ ಗುಡಿಸಲು ನೋಡಿದ, ಎತ್ತು ಇಷ್ಟು ದಿನ ಏನು ತಿಂದಿತ್ತೆಂದು ತಿಳಿಯಿತು. ತಿಪ್ಪವ್ವ ಕಣಿಕೆ ಮುರಿದು ಕೆಂದನ ಬಾಯಿಗಿಟ್ಟಳು. ಅದು ಬಾಯಿ ತೆರೆಯಿತು, ಅಗಿಯಲಾಗಲಿಲ್ಲ. ಅವಳ ತೊಡೆಯ ಮೇಲೆ ತಲೆಯಿಟ್ಟು ಹಾಗೇ ಹೋಗಿಬಿಟ್ಟಿತು. ಮುದುಕಿಯ ಅಳು ಕೇಳಿ ಓಣಿಯ ದನಗಳೂ ಮೇವು ಬಿಟ್ಟವಂತೆ.

"ನಾ ಏನ್ ತಪ್ಪ್ ಮಾಡಿದೆ ಹೇಳವ್ವಾ," ಎಂದು ರಾಜ ಕೈಮುಗಿದ.

"ನೀ ಕೊಡಲಿಲ್ಲ ಅನ್ನೂದಿಲ್ಲ ನಮ್ಮಪ್ಪಾ. ಬಣವಿ ಬಿಚ್ಚಿದಿ, ಕೊಟ್ಟಿ. ಸೊರಗಿಸಿದವ್ರಿಗೆ ಕೊಟ್ಟಿ. ಸೊರಗದಂಗ ನೋಡಿಕೊಂಡಾಕಿಗೆ ಇಲ್ಲಂದಿ."

ಅಂದಿನಿಂದ ಆ ರಾಜ್ಯದಲ್ಲಿ ಎಲುಬು ಎಣಿಸುವುದು ನಿಂತಿತು. ಆಳುಗಳೇ ಕೊಟ್ಟಿಗೆಗೆ ಹೋಗಿ, ದನ ಬಡವಾಗುವ ಮೊದಲೇ ಮೇವು ಹಾಕಿ ಬರತೊಡಗಿದರು. ತಿಪ್ಪವ್ವನಿಗೆ ಅರಮನೆಯಿಂದ ಒಂದು ಹೊಸ ಎತ್ತೂ ಬಂತು, ಗುರಸಿದ್ದನ ಎತ್ತಿಗೆ ಜೋಡಿಯಾಯಿತು. ಆದರೆ ಉಳುವಾಗ ಅವಳ ಬಾಯಿಗೆ ಬರುತ್ತಿದ್ದದ್ದು ಕೆಂದನ ಹೆಸರೇ. ಹೊಸ ಎತ್ತು ಪಾಪ, ಆ ಹೆಸರಿಗೇ ತಿರುಗಿ ನೋಡುವುದನ್ನು ಕಲಿಯಿತಂತೆ.

ಮೇವು ಅವರ ಗೋದಲಿಗೆ ಹೋಯಿತು, ಕಥೆ ನಮ್ಮ ಕಿವಿಗೆ ಬಂತು.