ಅಳು ಬರೆದ ದುಂಡವ್ವ

ಹಿಂದಕ್ಕೆ, ಬಹಳ ಹಿಂದಕ್ಕೆ, ಒಂದು ಊರಲ್ಲಿ ಒಬ್ಬಳಿದ್ದಳು. ಎಷ್ಟು ಹಿಂದಕ್ಕೆ ಅಂತ ಕೇಳಬೇಡಿ. ನಮ್ಮಜ್ಜಿ ಈ ಕತೆ ಹೇಳುವಾಗಲೇ ಇದು ತನ್ನಜ್ಜಿ ಹೇಳಿದ್ದು ಅನ್ನುತ್ತಿದ್ದಳು. ಆ ಅಜ್ಜಿಗೆ ಯಾರು ಹೇಳಿದರೋ, ಕಂಡವರು ಯಾರು? ಊರಿನ ಹೆಸರು ಕರೇಹಾಳ. ಸುತ್ತ ಎರೆಭೂಮಿ, ಪಕ್ಕದಲ್ಲಿ ಬೇಸಿಗೆಗೆ ಬತ್ತುವ ಹೊಳೆ. ಅವಳ ಹೆಸರು ದುಂಡವ್ವ. ಹೆಸರು ದುಂಡವ್ವ ಅಂತಿದ್ದರೂ ಒಣಗಿದ ತೊಗರಿಕಟ್ಟಿಗೆಯ ಹಾಗಿದ್ದಳು ಅಂತಾರೆ.

ಆ ಊರಲ್ಲಿ ಸತ್ತವರ ಮನೆಯಲ್ಲಿ ಸುಮ್ಮನೆ ಅತ್ತರೆ ಸಾಲುತ್ತಿರಲಿಲ್ಲ. ಹಾಡ್ಯಾಡಿ ಅಳಬೇಕಿತ್ತು. ಸತ್ತವರು ಹೇಗೆ ಬಾಳಿದರು, ಏನು ಉಂಡರು, ಯಾರ ಮೇಲೆ ಸಿಟ್ಟಾದರು, ಯಾವ ಆಸೆ ತೀರದೆ ಹೋಯಿತು, ಎಲ್ಲವನ್ನೂ ಹೆಂಗಸರು ಹೆಣದ ಮುಂದೆ ಕೂತು ರಾಗ ಎಳೆದು ಹೇಳಿ ಅಳಬೇಕಿತ್ತು. ಅದಕ್ಕೂ ಕಟ್ಟುಪಾಡು. ಮನೆಯವರು ಮೊದಲು ಬಾಯಿ ತೆರೆಯುವಂತಿಲ್ಲ. ಹೊರಗಿನ ಹೆಂಗಸೊಬ್ಬಳು ಬಂದು ಹಾಡು ಎತ್ತಿಕೊಡಬೇಕು, ಆಮೇಲೆ ತಾಯಿಯೋ ಹೆಂಡತಿಯೋ ದನಿಗೂಡಿಸಬೇಕು. ಹೆಣ ಮಣ್ಣಿಗಿಳಿದ ಮೇಲೆ ಆ ಹಾಡು ಅಲ್ಲಿಗೆ ಮುಗಿಯಿತು. ಅದನ್ನು ಮತ್ತೆ ಯಾರೂ ಎಲ್ಲೂ ಹಾಡುವಂತಿಲ್ಲ. ಬೀಸುವಾಗಲೋ ಕುಟ್ಟುವಾಗಲೋ ಮರೆತು ಗುನುಗಿದರೂ ಸಾವು ಆ ಮನೆಯ ದಾರಿ ಹಿಡಿಯುತ್ತದೆ ಅಂತ ಊರು ನಂಬಿತ್ತು.

ದುಂಡವ್ವನ ಅಜ್ಜಿ ಕಲ್ಲವ್ವ ಹಾಡು ಎತ್ತಿಕೊಡುವುದರಲ್ಲಿ ಊರಿಗೇ ಹಿರಿಯಳು. ಅವಳು ದನಿ ತೆಗೆದರೆ ಕಟ್ಟಿದ ದನಗಳು ಮೆಲುಕು ಹಾಕುವುದನ್ನು ಬಿಡುತ್ತಿದ್ದವು ಅಂತಾರೆ. ಹಾರುವ ಹಕ್ಕಿ ಹಾಗೇ ನಿಲ್ಲುತ್ತಿತ್ತು ಅಂತಲೂ ಅಂತಾರೆ. ಹಕ್ಕಿಯ ಮಾತನ್ನು ನಾನು ನಂಬುವುದಿಲ್ಲ, ದನದ ಮಾತನ್ನು ನಂಬುತ್ತೇನೆ. ಈ ಅಜ್ಜಿಯ ಸೆರಗು ಹಿಡಿದು ದುಂಡವ್ವ ಸಾವಿನ ಮನೆಯಿಂದ ಸಾವಿನ ಮನೆಗೆ ತಿರುಗಿ ಬೆಳೆದಳು. ಬೇರೆ ಮಕ್ಕಳು ಜೋಗುಳ ಕೇಳಿ ಬೆಳೆದರೆ ಇವಳು ಇದನ್ನು ಕೇಳಿ ಬೆಳೆದಳು.

ಒಂದು ದಿನ ಕುಂಬಾರ ಸಾಬಣ್ಣ ತೀರಿಕೊಂಡ. ಕಲ್ಲವ್ವ ಹಾಡು ಎತ್ತಿಕೊಟ್ಟಳು. ಸಾಬಣ್ಣನ ಹೆಂಡತಿ ಗಂಡನ ಕಾಲು ಹಿಡಿದುಕೊಂಡು ಹಾಡಿದಳು:

“ಉಪ್ಪ ಮರತ ಸಾರು ಉಂಡು ರುಚಿ ಆಗೈತಿ ಅಂದ್ಯೋ ರಾಯಾ,
ನಾ ಉಂಡಾಗ ತಿಳೀತೋ, ನೀ ಎದ್ದು ಹೊಲಕ್ಕ ಹೋಗಿದ್ಯೋ.”

ಅಷ್ಟೇ. ಆದರೆ ಆ ಹುಡುಗಿಗೆ ಅದು ಎಲ್ಲಿ ನಾಟಿತೋ ಏನೋ. ಅಲ್ಲಿಯತನಕ ಸಾಬಣ್ಣ ಅಂದರೆ ಅವಳಿಗೆ ಮಕ್ಕಳನ್ನು ಗದರಿಸಿ ಓಡಿಸುವ ಮುದುಕ. ಈಗ ನೋಡಿದರೆ ಹೆಂಡತಿಯ ಮುಖ ಸಣ್ಣದಾಗಬಾರದು ಅಂತ ಸಪ್ಪೆ ಸಾರು ಉಂಡು ಎದ್ದು ಹೋದವನು. ಮಾರನೆಯ ದಿನ ಅವಳು ಅಜ್ಜಿಗೆ, ಆ ಉಪ್ಪಿನ ಮಾತು ಇನ್ನೊಂದು ಸಲ ಹೇಳು ಅಂದಳು. ಕಲ್ಲವ್ವ ಕೆನ್ನೆಗೆ ಬಾರಿಸಿದಳು.

“ಅದು ಸಾಬಣ್ಣನ ಕೂಡ ಮಣ್ಣಿಗೆ ಹೋತು. ಇನ್ನೊಮ್ಮಿ ಕೇಳಿದ್ರ ನಾಲಿಗಿ ಸುಡತೀನಿ ನೋಡು.”

ಹುಡುಗಿ ಅಳಲಿಲ್ಲ. ಸತ್ತ ಮನುಷ್ಯನನ್ನು ಹೂಳುವುದು ಸರಿ, ಸಪ್ಪೆ ಸಾರು ಉಂಡ ಮಾತನ್ನೂ ಯಾಕೆ ಹೂಳಬೇಕು ಅಂತ ಅವಳಿಗೆ ತಿಳಿಯಲಿಲ್ಲ. ಸಾವಿಗಿಂತ ಅದೇ ದೊಡ್ಡ ಅನ್ಯಾಯ ಅನ್ನಿಸಿತು. ಆವತ್ತಿನಿಂದ ಅವಳಿಗೆ ಹಿಡಿದ ಹುಚ್ಚು ಸಾಯುವತನಕ ಬಿಡಲಿಲ್ಲ ಅಂತಾರೆ.

ಅಜ್ಜಿಗೆ ಮೊಮ್ಮಗಳು ತನ್ನ ಜಾಗಕ್ಕೆ ಬರಲಿ ಅಂತ ಆಸೆ. ಆದರೆ ದುಂಡವ್ವನ ದನಿ ಒಡಕು. ಬಾಯಿ ತೆರೆದರೆ ಸಾವಿನ ಮನೆಯಲ್ಲೂ ನಗು ಬರುತ್ತಿತ್ತಂತೆ. ಕಡೆಗೆ ಕಲ್ಲವ್ವ ಆಸೆ ಬಿಟ್ಟು ನೆರೆಮನೆಯ ಸಿದ್ದವ್ವನಿಗೆ ವಿದ್ಯೆ ಹೇಳಿಕೊಟ್ಟಳು. ಸಿದ್ದವ್ವ, ದುಂಡವ್ವ ಒಂದೇ ತಟ್ಟೆಯಲ್ಲಿ ಉಂಡು ಬೆಳೆದ ಗೆಳತಿಯರು. ಒಬ್ಬಳಿಗೆ ಗಂಟಲು ಬಂತು, ಇನ್ನೊಬ್ಬಳಿಗೆ ಕಿವಿ ಬಂತು.

ಊರ ಮಠದಲ್ಲಿ ಮುಪ್ಪಯ್ಯ ಅಂತ ಒಬ್ಬರಿದ್ದರು. ಹಳೆಯ ಪುಸ್ತಕಗಳನ್ನು ತಾಳೆಗರಿಯ ಮೇಲೆ ನಕಲು ಮಾಡುವುದು ಅವರ ಕೆಲಸ. ದುಂಡವ್ವ ಮಠದ ಅಂಗಳ ಗುಡಿಸುವ ನೆಪದಲ್ಲಿ ಹೋಗಿ ಅವರ ಎದುರಿಗೆ ಕುಕ್ಕರಗಾಲಲ್ಲಿ ಕೂರುತ್ತಿದ್ದಳು. ಎದುರಿಗೆ ಕೂತು ನೋಡಿ ಕಲಿತದ್ದಕ್ಕೆ ಅವಳ ಅಕ್ಷರಗಳೆಲ್ಲ ತಲೆಕೆಳಗು. ಅದನ್ನು ಕಂಡು ಮುಪ್ಪಯ್ಯ ಹೊಟ್ಟೆ ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ, ಅಕ್ಷರ ಕಲಿತು ಏನು ಬರೀತಿ ಅಂತ ಕೇಳಿದರು.

“ಸತ್ತವರನ್ನ ಬರೀತೀನ್ರೀ ಅಯ್ಯಾರ” ಅಂದಳು.

ಮುಪ್ಪಯ್ಯ ಮತ್ತೆ ನಗಲಿಲ್ಲ. ಅವಳನ್ನು ತಮ್ಮ ಪಕ್ಕಕ್ಕೆ ಕೂರಿಸಿಕೊಂಡು ಗರಿಯನ್ನು ಅವಳ ಕಡೆ ತಿರುಗಿಸಿದರು.

ಹೀಗೆ ಶುರುವಾಯಿತು. ದುಂಡವ್ವನಿಗೆ ಅದೇ ಊರಲ್ಲಿ ಮದುವೆಯಾಯಿತು. ನೇಕಾರ ಗಂಡ ಸೀರೆ ಮಾರಲು ಸಂತೆಗೆ ಹೋದವನು ತಿರುಗಿ ಬರಲಿಲ್ಲ. ಚಿನ್ನವ್ವ ಅಂತ ಒಬ್ಬಳು ಮಗಳು ಉಳಿದಳು. ಹಗಲು ಮಗ್ಗದ ಗುಣಿಯಲ್ಲಿ ಕಾಲಿಟ್ಟು ನೇಯುವುದು, ಊರಲ್ಲಿ ಸಾವಾದರೆ ಹೋಗಿ ಬಾಗಿಲ ಸಂದಿಯಲ್ಲಿ ನಿಲ್ಲುವುದು, ಮನೆಗೆ ಬಂದು ಕೇಳಿದ್ದೆಲ್ಲವನ್ನೂ ಕಂಟವೆಂಬ ಕಬ್ಬಿಣದ ಮೊನೆಯಿಂದ ಗರಿಯ ಮೇಲೆ ಕೊರೆಯುವುದು. ಕಂಟದಲ್ಲಿ ಕೊರೆದ ಅಕ್ಷರ ಹಾಗೇ ಕಣ್ಣಿಗೆ ಕಾಣುವುದಿಲ್ಲ, ಮೇಲೆ ಕಪ್ಪು ತಿಕ್ಕಿದರೆ ಕಾಣುತ್ತದೆ. ದುಂಡವ್ವ ಆ ಕಪ್ಪನ್ನು ಹೆಣದ ಮುಂದೆ ಹಚ್ಚಿಟ್ಟ ದೀಪದ ಮಸಿಯಿಂದಲೇ ಮಾಡಿಕೊಳ್ಳುತ್ತಿದ್ದಳು ಅಂತಾರೆ. ಯಾರ ಹಾಡೋ ಅವರದೇ ದೀಪದ ಮಸಿ. ಇದು ನಿಜವೋ ಆಮೇಲೆ ಸೇರಿಸಿದ್ದೋ ನನಗೆ ಗೊತ್ತಿಲ್ಲ, ಆದರೆ ಅವಳು ಅಂಥವಳೇ.

ಒಂದು ಮಾತು ಅವಳದ್ದು ಖಡಾಖಂಡಿತ. ಹಾಡಿದ್ದನ್ನು ಬಿಡುತ್ತಿರಲಿಲ್ಲ, ಹಾಡದ್ದನ್ನು ಬರೆಯುತ್ತಿರಲಿಲ್ಲ. ತನ್ನದೊಂದು ಪದ ಸೇರಿಸುತ್ತಿರಲಿಲ್ಲ.

ಆಮೇಲೆ ಊರಿಗೆ ಬೇನೆ ಬಂತು. ಎಂಥ ಬೇನೆ ಅಂತ ಯಾರೂ ಸರಿಯಾಗಿ ಹೇಳುವುದಿಲ್ಲ. ಬೆಳಿಗ್ಗೆ ಮೈ ಕಾದರೆ ಸಂಜೆಗೆ ಆಳು ಇಲ್ಲ. ಒಂದು ಹೆಣ ಮಣ್ಣು ಮಾಡಿ ಬರುವುದರೊಳಗೆ ಇನ್ನೊಂದು ಮನೆಯಲ್ಲಿ ಅಳು ಏಳುತ್ತಿತ್ತು. ಸಿದ್ದವ್ವನ ಗಂಟಲು ಬಿದ್ದು ಹೋಯಿತು, ಆದರೂ ಹೋಗಿ ಹಾಡು ಎತ್ತಿಕೊಟ್ಟಳು. ದುಂಡವ್ವ ಎಲ್ಲ ಬಾಗಿಲಲ್ಲೂ ನಿಂತಳು.

ಊರಿಗೆ ಹೆದರಿಕೆ ಹತ್ತಿತೆಂದರೆ ಅದು ಕೈಗೆ ಸಿಗುವವರನ್ನು ಹುಡುಕುತ್ತದೆ. ಹಾಡು ಮಣ್ಣಿಗೆ ಹೋಗಬೇಕಾದದ್ದು, ಇವಳು ಅದನ್ನು ಮನೆಗೆ ಒಯ್ದು ಗರಿಯಲ್ಲಿ ಬಚ್ಚಿಡುತ್ತಾಳೆ, ಅದಕ್ಕೇ ಸಾವು ಊರು ಬಿಡುತ್ತಿಲ್ಲ ಅಂತ ಯಾರೋ ಅಂದರು. ಅಂದವರು ಯಾರು ಅಂತ ಇವತ್ತಿಗೂ ಒಬ್ಬರೂ ಒಪ್ಪಿಕೊಂಡಿಲ್ಲ. ಗೌಡ ಚಾವಡಿಯಲ್ಲಿ ಕೂತು ಅಪ್ಪಣೆ ಮಾಡಿದ. ದುಂಡವ್ವನನ್ನು ಯಾರೂ ಹೊಸ್ತಿಲ ಹತ್ತಿರ ಸೇರಿಸಕೂಡದು, ಅವಳ ಹೊಸ್ತಿಲನ್ನು ಯಾರೂ ತುಳಿಯಕೂಡದು ಅಂದ. ಗರಿಗಳನ್ನು ಹೊಳೆಗೆ ಹಾಕಿದರೆ ಅಪ್ಪಣೆ ಹಿಂದಕ್ಕೆ ಅಂತಲೂ ಅಂದ. ದುಂಡವ್ವ ಹಾಕಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ಚಿನ್ನವ್ವನ ಮೈ ಕಾಯಿತು. ಮರುದಿನ ಹೊತ್ತು ಹುಟ್ಟುವಾಗ ಮಗು ಇಲ್ಲ.

ದುಂಡವ್ವ ಹೆಣದ ಮುಂದೆ ದೀಪ ಹಚ್ಚಿಟ್ಟು ಬಾಗಿಲು ತೆರೆದು ಹೊಸ್ತಿಲ ಒಳಗೆ ಕೂತಳು. ತಾಯಿ ತಾನಾಗಿ ಬಾಯಿ ತೆರೆಯುವಂತಿಲ್ಲ, ಯಾರಾದರೂ ಬಂದು ಎತ್ತಿಕೊಡಬೇಕು. ಯಾರಾದರೂ ಬಂದಾರು ಅಂತ ಕೂತಳು. ಎದುರು ಮನೆಯೇ ಸಿದ್ದವ್ವನದು. ಸಿದ್ದವ್ವ ತನ್ನ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ನಡುವೆ ಒಂದು ಬಂಡಿ ಹಾಯುವಷ್ಟು ಓಣಿ. ದುಂಡವ್ವ ಅವಳನ್ನೇ ನೋಡಿದಳು. ಈಗ ಬರುತ್ತಾಳೆ, ಈ ಮಗುವಿಗೆ ಎಣ್ಣೆ ತಿಕ್ಕಿದವಳು ಅವಳು, ಹೇಗೆ ಬರದೆ ಇದ್ದಾಳು ಅಂದುಕೊಂಡಳು. ಹೊತ್ತು ನೆತ್ತಿಗೆ ಬಂತು, ಸಿದ್ದವ್ವ ಬರಲಿಲ್ಲ. ಹೊತ್ತು ವಾಲಿತು, ಸಿದ್ದವ್ವ ಒಳಗೆ ಹೋಗಿ ಕದ ಹಾಕಿಕೊಂಡಳು. ಕರೇಹಾಳದಲ್ಲಿ ಆವತ್ತು ಒಲೆಗಳೆಲ್ಲ ಉರಿಯುತ್ತಿದ್ದವು, ರೊಟ್ಟಿ ತಟ್ಟುವ ಸಪ್ಪಳ ಓಣಿಯ ತುಂಬ ಕೇಳುತ್ತಿತ್ತು ಅಂತಾರೆ.

ದುಂಡವ್ವನ ಎದೆಯೊಳಗೆ ಊರವರ ನೂರೆಂಟು ಹಾಡಿದ್ದವು, ಮಗಳಿಗೆ ಒಂದು ಸಾಲು ಇಲ್ಲ. ಬಾಯಿ ತೆರೆಯಲು ಹೋದಳು, ಆಗಲಿಲ್ಲ. ಕಡೆಗೆ ಮುಪ್ಪಯ್ಯ ಕೋಲೂರಿಕೊಂಡು ಬಂದು ಹೆಣ ಎತ್ತಿಸಿದರು. ಹಾಡಿಲ್ಲದೆ ಮಣ್ಣಿಗೆ ಹೋದವರನ್ನು ಆ ಊರಲ್ಲಿ ಮೂಕ ಹೆಣ ಅನ್ನುತ್ತಿದ್ದರು. ದಿಕ್ಕಿಲ್ಲದೆ ದಾರಿಯಲ್ಲಿ ಸತ್ತ ಪರದೇಶಿಗಳಿಗೆ ಆಗುವ ಗತಿ ಅದು. ಆ ಗತಿ ಚಿನ್ನವ್ವನಿಗಾಯಿತು.

ಇನ್ನು ಇವಳು ಬರೆಯುವುದನ್ನು ಬಿಡುತ್ತಾಳೆ ಅಂತ ಎಲ್ಲರೂ ಅಂದುಕೊಂಡರು. ಬಿಡಲಿಲ್ಲ. ಹೊಸ್ತಿಲಿಗೆ ಸೇರಿಸದಿದ್ದರೆ ಹಿತ್ತಲ ಗೋಡೆಗೆ ಕಿವಿಯಿಟ್ಟು ನಿಂತಳು. ಗೌಡನ ಒಬ್ಬನೇ ಮಗ ಬೇನೆಯಲ್ಲಿ ಸತ್ತಾಗ ಬಿಸಿಲಲ್ಲಿ ಗೋಡೆಯ ಹೊರಗೆ ನಿಂತು ಅವನ ಹಾಡನ್ನೂ ಕೇಳಿದಳು, ಬಂದು ಬರೆದಳು. ಒಂದು ಪದವನ್ನೂ ಬಿಡಲಿಲ್ಲ. ಅದನ್ನು ನೋಡಿ ಮುಪ್ಪಯ್ಯನಿಗೇ ತಡೆಯಲಾಗಲಿಲ್ಲ. ಗೌಡನ ಮಗನ್ನೂ ಬರದ್ಯಾ ಅಂತ ಕೇಳಿದರು.

“ಸತ್ತ ಹುಡುಗ ನನಗೇನ್ ಮಾಡ್ಯಾನ್ರೀ” ಅಂದಳು ದುಂಡವ್ವ.

ಬೇನೆ ತಾನಾಗಿ ಬಂದದ್ದು ತಾನಾಗಿ ಹೋಯಿತು. ಗರಿಗಳೆಲ್ಲ ಇದ್ದಲ್ಲೇ ಇದ್ದವು, ಸಾವು ನಿಂತಿತ್ತು. ಅದನ್ನು ಕಂಡೂ ಯಾರೂ ಬಂದು ತಪ್ಪಾಯಿತು ಅನ್ನಲಿಲ್ಲ. ಊರುಗಳು ಹಾಗೇ, ಅದರಲ್ಲಿ ಹೊಸದೇನಿದೆ.

ಆ ಕಾಲಕ್ಕೆ ಅಚ್ಚಿನ ಮನೆ ಎಲ್ಲಿತ್ತು? ಒಂದು ಪುಸ್ತಕ ಲೋಕಕ್ಕೆ ಬರಬೇಕಾದರೆ ಊರ ಅಗಸಿಬಾಗಿಲ ಮುಂದಿನ ಕಟ್ಟೆ ಏರಬೇಕಿತ್ತು. ಬರೆದವರು ಓದುವಂತಿಲ್ಲ, ಕಟ್ಟೆಯ ಕೆಳಗೆ ಸುಮ್ಮನೆ ನಿಲ್ಲಬೇಕು. ಬೇರೆಯವರು ಊರ ಮುಂದೆ ಓದಬೇಕು. ಜನ ನಡುವೆ ಎದ್ದು ಹೋದರೆ ಪುಸ್ತಕ ಅಲ್ಲಿಂದಲೇ ಹೊಳೆಗೆ. ಕೊನೆಯ ಗರಿಯವರೆಗೆ ಕೂತು ಕೇಳಿದರೆ ಅದು ಊರಿನ ಪುಸ್ತಕ. ಅದಕ್ಕೆ ನಕಲು ಎತ್ತಿ, ಬರೆದವರ ಹೆಸರು ಹಾಕಿ, ಊರಿಂದೂರಿಗೆ ಕಳಿಸುತ್ತಿದ್ದರು. ಯಾರ ಪುಸ್ತಕವಾದರೂ ಸರಿ, ಒಂದು ಸಲ ಕಟ್ಟೆ ಏರಿಸಿ ಅಂತ ಕೇಳಿದರೆ ಇಲ್ಲ ಅನ್ನುವಂತಿರಲಿಲ್ಲ, ಗೌಡನೂ ಅನ್ನುವಂತಿರಲಿಲ್ಲ. ಸಾಯುವ ಮೊದಲು ಇದೊಂದು ಕೆಲಸ ಮಾಡುತ್ತೇನೆ ಅಂತ ಮುಪ್ಪಯ್ಯ ದುಂಡವ್ವನ ಗರಿಗಳ ಕಟ್ಟನ್ನು ಕಟ್ಟೆಗೆ ಒಯ್ದರು.

ಊರೆಲ್ಲ ಬಂದಿತ್ತು. ಕೇಳಲು ಬಂದವರಲ್ಲ, ಎದ್ದು ಹೋಗಲು ಬಂದವರು. ಸಾವಿನ ಮನೆಯ ಹಾಡನ್ನು ಬಯಲಲ್ಲಿ ಕೇಳುವುದೆಂದರೆ ಅವರಿಗೆ ಕೈಕಾಲು ತಣ್ಣಗಾಗುವ ಮಾತು. ದುಂಡವ್ವ ಕಟ್ಟೆಯ ಕೆಳಗೆ ನಿಂತಿದ್ದಳು. ಇಷ್ಟು ವರ್ಷದ ಬಾಳು, ಮಗಳನ್ನೂ ತೆತ್ತು ಉಳಿಸಿಕೊಂಡದ್ದು, ಇವರು ಎದ್ದರೆ ನೀರುಪಾಲು. ಮುಪ್ಪಯ್ಯ ಓದಲು ತೊಡಗಿದರು. ಸಾಬಣ್ಣನ ಸಾರು ಬಂತು. ಅದನ್ನು ಹಾಡಿದ ಮುದುಕಿ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಜನ ಅತ್ತಿತ್ತ ಮಿಸುಕಾಡಿದರು. ಒಬ್ಬೊಬ್ಬರಾಗಿ ಏಳತೊಡಗಿದರು. ಗೌಡನೂ ಎದ್ದು ಮುಂಡಾಸು ಸರಿಮಾಡಿಕೊಂಡ. ಅದನ್ನು ಕಂಡ ಮುಪ್ಪಯ್ಯ ನಡುವಿನ ಗರಿಗಳನ್ನು ದಾಟಿಸಿ ಗೌಡನ ಮಗನ ಗರಿಗೆ ಬಂದರು. ಆ ಹುಡುಗ ಅಪ್ಪನಿಗೆ ತಿಳಿಯದ ಹಾಗೆ ಕುಂಟು ಕರುವನ್ನು ಮಲಗುವ ಕೋಣೆಯಲ್ಲಿ ಕಟ್ಟಿಕೊಂಡು ಸಾಕಿದ ಮಾತು ಅದರಲ್ಲಿತ್ತು.

ಗೌಡತಿ ಗಂಡನ ಧೋತರದ ಅಂಚು ಹಿಡಿದು ಜಗ್ಗಿದಳು.

“ಕುಂದರ್ರಿ. ನನ್ನ ಮಗ ಬಂದಾನ.”

ಗೌಡ ಕೂತ. ಗೌಡ ಕೂತದ್ದಕ್ಕೆ ಊರು ಕೂತಿತು. ಆಮೇಲೆ ಯಾರೂ ಏಳಲಿಲ್ಲ. ಬಿಟ್ಟ ಗರಿಗಳನ್ನೂ ಮುಪ್ಪಯ್ಯ ಹಿಂದಕ್ಕೆ ಬಂದು ಓದಿದರು. ತಮ್ಮ ತಮ್ಮ ಮನೆಯವರು ಬರುವುದನ್ನು ಕಾಯುತ್ತ, ಬಂದಾಗ ಎದೆ ಎದೆ ಬಡಿದುಕೊಳ್ಳುತ್ತ, ಊರು ಹಗಲೆಲ್ಲ ಕೂತಿತ್ತು. ಕೂಸುಗಳು ಹಾಲು ಕುಡಿದು ಅಲ್ಲೇ ಮಲಗಿದವು ಅಂತಾರೆ.

ಹೊತ್ತಿಳಿಯುವಾಗ ಕೊನೆಯ ಗರಿ ಬಂತು. ಮುಪ್ಪಯ್ಯ ಅದನ್ನು ಕಣ್ಣಿನ ಹತ್ತಿರ ತಂದರು. ಹಿಂದೆ ತಿರುಗಿಸಿದರು, ಮುಂದೆ ತಿರುಗಿಸಿದರು. ಅದರಲ್ಲಿ ಏನೂ ಬರೆದಿರಲಿಲ್ಲ. ಅಂಚಿನಲ್ಲಿ ಸಣ್ಣಗೆ ಚಿನ್ನವ್ವ ಅಂತ ಇತ್ತು. ಅವರು ಆ ಹೆಸರು ಓದಿ, ಬರಿದಾದ ಗರಿಯನ್ನು ಊರಿಗೆ ಕಾಣುವ ಹಾಗೆ ಎತ್ತಿ ಹಿಡಿದರು.

ಹೆಂಗಸರ ಗುಂಪಿನಲ್ಲಿ ಸಿದ್ದವ್ವ ಎದ್ದು ನಿಂತಳು. ಎರಡೂ ಕೈ ಮುಂದೆ ಚಾಚಿ, “ಯಾಕ ಹೋದ್ಯವ್ವಾ ನನ್ನ ಚಿನ್ನವ್ವಾ…” ಅಂತ ಎತ್ತಿಕೊಟ್ಟಳು.

ಕಟ್ಟೆಯ ಕೆಳಗೆ ನಿಂತವರು ಮಾತಾಡುವಂತಿಲ್ಲ. ದುಂಡವ್ವ ಮಾತಾಡಿದಳು.

“ಬ್ಯಾಡ, ಸಿದ್ದವ್ವ. ಆವತ್ತು ನಾ ಬಾಗಿಲಾ ತಕ್ಕೊಂಡು ಕುಂತಿದ್ದೆ. ಈಗ ಮಣ್ಣಾಗಿ ಹೋಗ್ಯಾಳ. ಮಣ್ಣು ಮಾಡಿದ ಮ್ಯಾಲೆ ಹಾಡಬಾರದಂತ ನೀವ ಹೇಳಿದ್ರಲ್ಲ.”

ಸಿದ್ದವ್ವನ ದನಿ ಅಲ್ಲೇ ಕತ್ತರಿಸಿ ಹೋಯಿತು. ಅವಳು ಆಮೇಲೆ ಯಾರಿಗೂ ಹಾಡು ಎತ್ತಿಕೊಡಲಿಲ್ಲ ಅಂತಾರೆ. ದುಂಡವ್ವ ಕಟ್ಟೆಗೆ ಬೆನ್ನು ಮಾಡಿ ಮನೆಗೆ ನಡೆದಳು. ಪುಸ್ತಕ ಊರಿನದಾಯಿತು. ನಕಲುಗಳು ಹೊಳೆ ದಾಟಿ, ಗುಡ್ಡ ದಾಟಿ, ಭಾಷೆ ಬೇರೆಯಾಗುವ ಸೀಮೆಯವರೆಗೂ ಹೋದವು. ದೂರದೂರಿನವರು ಅವಳ ಕಾಲು ಮುಟ್ಟಲು ಬರುತ್ತಿದ್ದರು. ಅವಳು ಮಗ್ಗದ ಗುಣಿಯಿಂದ ಏಳದೆ, ಕುಡಿಯಲು ನೀರು ಕೊಡಲೇ ಅಂತ ಮಾತ್ರ ಕೇಳುತ್ತಿದ್ದಳಂತೆ.

ಈಗಲೂ ಕರೇಹಾಳದಲ್ಲಿ ಎಲ್ಲಾದರೂ ಅಳು ಕೇಳಿದರೆ, ಎಂಥ ಹಗೆಯ ಮನೆಯಾದರೂ ಸರಿ, ಹಂಚಿನ ಮೇಲಿನ ರೊಟ್ಟಿಯನ್ನು ಹಾಗೇ ಬಿಟ್ಟು ಮನೆಗೊಬ್ಬರು ಓಡಿ ಹೋಗುತ್ತಾರೆ. ವರ್ಷಕ್ಕೊಂದು ದಿನ ಕಟ್ಟೆಯ ಮೇಲೆ ದುಂಡವ್ವನ ಪುಸ್ತಕ ಓದುತ್ತಾರೆ. ಯಾವ ನಕಲು ಮಾಡಿದರೂ ಕೊನೆಗೊಂದು ಗರಿಯನ್ನು ಹೆಸರಷ್ಟೇ ಬರೆದು ಖಾಲಿ ಬಿಡಬೇಕು. ಒಮ್ಮೆ ಪರವೂರ ಪಂಡಿತನೊಬ್ಬ ಅಯ್ಯೋ ಪಾಪ ಅಂತ ಅದರಲ್ಲಿ ತಾನೇ ಒಂದು ಹಾಡು ಕಟ್ಟಿ ತುಂಬಿಸಿದ್ದನಂತೆ. ಊರವರು ಆ ಗರಿಯನ್ನು ಕಿತ್ತು ಹೊಳೆಗೆ ಹಾಕಿ ಬರಿಯ ಗರಿ ಪೋಣಿಸಿದರು. ಓದುವವನು ಕೊನೆಗೆ ಆ ಗರಿಯನ್ನು ಎತ್ತಿ ಹಿಡಿದು, ಇದನ್ನು ಬರಿದು ಮಾಡಿದವರು ಯಾರು ಅಂತ ಕೇಳುತ್ತಾನೆ. ಮಕ್ಕಳು, ಮುದುಕರು, ಮೊನ್ನೆ ಮದುವೆಯಾಗಿ ಬಂದ ಸೊಸೆಯಂದಿರು ಕೂಡ, ಎಲ್ಲರೂ ಒಟ್ಟಿಗೆ “ನಾವು” ಅನ್ನಬೇಕು. ಅಂದ ಮೇಲೆ ಅಲ್ಲಿ ಯಾರೂ ಅಳುವಂತಿಲ್ಲ. ಎದ್ದು ಮನೆಗೆ ಹೋಗುತ್ತಾರೆ.